ಇನ್ನೊಂದು ಬ್ಯಾಟರಿ ತರುವ ಮುಂಚೆ ಫ್ಯೂಸ್ ಮೇಲೆ ಮೀಟರ್ ಇಡಿ

ಸರ್, ಹೊಸ ಬ್ಯಾಟರಿ ಹಾಕಿಸಿದರೂ ಸ್ವಿಫ್ಟ್ ಬೆಳಿಗ್ಗೆ ಸೆಲ್ಫ್ ಹೊಡೆಯುತ್ತಿಲ್ಲ, ಇನ್ನೊಂದು ಕಂಪನಿಯದ್ದು ಹಾಕಿಸ್ತೀನಿ ಅಂತ ಬರೆದಿದ್ದೀರಲ್ಲ, ದಯವಿಟ್ಟು ಬೇಡ. ನನ್ನ ಹಳೇ ಕಾರಿಗೂ ಹೀಗೇ ಬ್ಯಾಟರಿ ಬದಲಾಯಿಸಿ ದುಡ್ಡು ಹೋಗಿತ್ತು.

ಕಾರು ನಿಂತಿದ್ದಾಗಲೂ ಏನೋ ಕರೆಂಟ್ ಎಳೆದು ಬ್ಯಾಟರಿ ಇಳಿಸುತ್ತಿರಬಹುದು, ಲೆಕ್ಕ ನೋಡಿ. ಲಾಕ್ ಮಾಡಿ ನಿಲ್ಲಿಸಿದ ಕಾರಿನ ಎಲೆಕ್ಟ್ರಾನಿಕ್ಸ್ ಮಲಗಿದ ಮೇಲೆ 20ರಿಂದ 50 ಮಿಲಿಆಂಪ್ ಎಳೆಯುವುದು ಸಹಜ. ಡಿಕ್ಕಿಯ 5 ವ್ಯಾಟ್ ಬಲ್ಬ್ ರಾತ್ರಿಯಿಡೀ ಉರಿದರೂ 4-5 ಎಎಚ್ (ಆಂಪ್-ಅವರ್, ಬ್ಯಾಟರಿ ಚಾರ್ಜ್‌ನ ಅಳತೆ) ಹೋಗುತ್ತದೆ ಅಷ್ಟೆ, ಚೆನ್ನಾಗಿರುವ 35 ಎಎಚ್ ಬ್ಯಾಟರಿ ಅಷ್ಟಕ್ಕೆ ಕೈಕೊಡುವುದಿಲ್ಲ. ಒಂದೇ ರಾತ್ರಿಗೆ ಖಾಲಿ ಅಂದರೆ ಒಂದೆರಡು ಆಂಪ್ ಎಳೆಯುತ್ತಿದೆ, ಇಲ್ಲವೇ ಸಂಜೆಯೇ ಅರ್ಧ ಚಾರ್ಜ್ ಇತ್ತು. ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್‌ಗಳಲ್ಲಿ 13.8ರಿಂದ 14.4 ವೋಲ್ಟ್ ಬರುತ್ತಿದೆಯಾ ಮೊದಲು ನೋಡಿ.

ಬ್ಯಾಟರಿ ಲೈನಿಗೆ ಮೀಟರ್ ಸೇರಿಸಿ ಫ್ಯೂಸ್ ಒಂದೊಂದೇ ಕಿತ್ತು ನೋಡಿ ಅಂತ ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸಿದ್ದಾರೆ. ಈಗಿನ ಕಾರುಗಳಲ್ಲಿ ಫ್ಯೂಸ್ ವಾಪಸ್ ಹಾಕಿದ ಕೂಡಲೇ ಮಲಗಿದ್ದ ಮಾಡ್ಯೂಲ್ (ಎಲೆಕ್ಟ್ರಾನಿಕ್ ಕಂಟ್ರೋಲ್ ಪೆಟ್ಟಿಗೆ) ಎದ್ದುಬಿಡುತ್ತದೆ, ರೀಡಿಂಗ್ ಎಲ್ಲ ಸುಳ್ಳು. ಹೀಗೆ ಮಾಡಿ: ಫ್ಯೂಸ್ ಬಾಕ್ಸ್ ಮುಚ್ಚಳ ಮೊದಲೇ ತೆಗೆದಿಡಿ, ಬಾಗಿಲು ತೆರೆದೇ ಇಟ್ಟು ಅದರ ಲಾಕ್ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ, ಚೌಕಟ್ಟಿನಲ್ಲಿ ಬಾಗಿಲಿನ ಸ್ವಿಚ್ ಇದ್ದರೆ ಅದನ್ನೂ ಒತ್ತಿಟ್ಟು, ಮುಚ್ಚಿದ ಹಾಗೆ ಮಾಡಿ (ಆಮೇಲೆ ಹ್ಯಾಂಡಲ್ ಎಳೆದು ಬಿಡಿಸದೆ ಬಾಗಿಲು ಹಾಕಬೇಡಿ, ಲಾಕ್ ಹಾಳಾಗುತ್ತದೆ), ಲಾಕ್ ಮಾಡಿ, ಕೀ ದೂರ ಇಡಿ, 40 ನಿಮಿಷ ಸುಮ್ನೆ ಬಿಡಿ. ಆಮೇಲೆ ಮೀಟರ್ ಅನ್ನು 200 ಮಿಲಿವೋಲ್ಟ್ ಡಿಸಿಗೆ ಇಟ್ಟು ಫ್ಯೂಸ್ ತಲೆಯ ಮೇಲೆ ಕಾಣುವ ಎರಡು ಲೋಹದ ಚುಕ್ಕಿಗಳನ್ನು ಮುಟ್ಟಿ. ಸೊನ್ನೆ ಬಂದರೆ ಆ ಲೈನ್ ಬಿಡಿ. 10 ಆಂಪ್ ಮಿನಿ ಫ್ಯೂಸ್‌ನಲ್ಲಿ 1 ಮಿಲಿವೋಲ್ಟ್ ಅಂದರೆ ಸುಮಾರು 130 ಮಿಲಿಆಂಪ್ ಹೋಗುತ್ತಿದೆ. ಬೆಂಗಳೂರಿನ ಎಸ್.ಪಿ. ರೋಡ್‌ನ ಅಗ್ಗದ ಮೀಟರ್ ಸಾಕು.

ನನ್ನ ಹಳೇ ಕಾರಿನಲ್ಲಿ ಎಲ್ಲ ಫ್ಯೂಸೂ ಸರಿ ತೋರಿಸಿತ್ತು. ಯಾಕೆಂದರೆ ಸ್ಟೀರಿಯೋಗೂ ಆಂಪ್ಲಿಫೈಯರ್‌ಗೂ ಬ್ಯಾಟರಿಯಿಂದ ನೇರ ವೈರ್ ಎಳೆದಿದ್ದರು, ಅವುಗಳ ಫ್ಯೂಸ್ ಬೇರೆ ಕಡೆ. ಸ್ಟೀರಿಯೋದ ಹಳದಿ ವೈರ್‌ಗೆ ಸದಾ ಕರೆಂಟ್ ಇರಬೇಕು, ಕೆಂಪಿಗೆ ಕೀ ತಿರುಗಿಸಿದಾಗ ಮಾತ್ರ. ಅಂಗಡಿಯವರು ಎರಡನ್ನೂ ಒಟ್ಟಿಗೆ ಸೇರಿಸಿ ಟೇಪ್ ಸುತ್ತಿದ್ದರು, ಸ್ಟೀರಿಯೋ ಆಫ್ ಆಗುತ್ತಲೇ ಇರಲಿಲ್ಲ, ಅದರ ಜೊತೆ ಆಂಪ್ಲಿಫೈಯರ್ ಕೂಡ ರಾತ್ರಿಯಿಡೀ ಎಚ್ಚರ. ಕೆಲಸ ಗೊತ್ತಿಲ್ಲದೆ ವೈರ್ ಮುಟ್ಟುವವರಿಗೆ ಕಾರು ಕೊಡಬೇಡಿ. ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ಹಾಕಿಸಿದ್ದರೆ ಅದನ್ನೂ ನೋಡಿ.

ಎಲ್ಲೂ ಸಿಗದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಒಳಗೆ ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಡಯೋಡ್ ಮೇಲೆ ಅನುಮಾನ ಪಡಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಆಲ್ಟರ್ನೇಟರ್ ಮಾತ್ರ ಬೆಚ್ಚಗಿದ್ದರೆ ಅದೇ. ಆದರೆ ಎಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು 'ಟೆಸ್ಟ್' ಮಾಡಲು ಯಾರಿಗೂ ಬಿಡಬೇಡಿ! ಅದು ಹಳೇ ಅಂಬಾಸಿಡರ್ ಕಾಲದ ಅಭ್ಯಾಸ, ಈಗ ವೋಲ್ಟೇಜ್ ಏರಿ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಟ್ಟೀತು.

ಅಮರಾನ್, ಎಕ್ಸೈಡ್ ಎರಡೂ ಸಾಕು, ಬ್ರ್ಯಾಂಡ್‌ಗಿಂತ ತಯಾರಾದ ತಿಂಗಳು ನೋಡಿ ಕೊಳ್ಳಿ. ಈಗಿರುವ ಬ್ಯಾಟರಿ ಪದೇ ಪದೇ ಪೂರ್ತಿ ಇಳಿದಿದೆ, ಜಂಪ್ ಕೊಟ್ಟು ಅರ್ಧ ಗಂಟೆ ಓಡಿಸಿದರೆ ತುಂಬುವುದಿಲ್ಲ. 3-4 ಆಂಪ್ ಚಾರ್ಜರ್‌ನಲ್ಲಿ ರಾತ್ರಿಯಿಡೀ ನಿಧಾನವಾಗಿ ಚಾರ್ಜ್ ಮಾಡಿಸಿ, ಕೆಲವು ಗಂಟೆ ಹಾಗೇ ಬಿಟ್ಟು ಅಳೆಯಿರಿ. 12.6 ವೋಲ್ಟ್ ನಿಂತರೆ ಬ್ಯಾಟರಿ ಬಹುಶಃ ಉಳಿದಿದೆ, ಆದರೂ ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ಬ್ಯಾಟರಿಯ ಶಕ್ತಿ ನೋಡುವುದು) ಮಾಡಿಸಿ. ಯಾವ ಫ್ಯೂಸ್‌ನಲ್ಲಿ ಎಷ್ಟು ಬಂತು ಅಂತ ಇಲ್ಲೇ ಹಾಕಿ, ನೋಡೋಣ.