ಅಷ್ಟು ಹೊತ್ತು ಅದೇ ಪೆಟ್ಟು, ಕೇಳುವುದೇನನ್ನು?

ಕುಂಬಳೆಯಿಂದ ಬರೆದವರೇ, ‘ಅಂಡರ್‌ಗ್ರೌಂಡ್ ಟೆಕ್ನೋದಲ್ಲಿ ಹಾಡಿಲ್ಲ, ಮಾತಿಲ್ಲ, ಉದ್ದಕ್ಕೂ ಅದೇ ಢಬ್ ಢಬ್, ಮೇಲಿಂದ ಕತ್ತಲು ಕವಿದಂತಹ ಧ್ವನಿ, ಇದರಲ್ಲಿ ಏನಿದೆ?’ ಎಂದು ಕೇಳಿದ್ದೀರಿ. ಟೆಕ್ನೋ ಎಂದರೆ ಕುಣಿತಕ್ಕೆಂದು ಯಂತ್ರಗಳಲ್ಲಿ ಕಟ್ಟುವ ಎಲೆಕ್ಟ್ರಾನಿಕ್ ಸಂಗೀತ; ಜನಪ್ರಿಯ ಧಾಟಿಯಿಂದ ದೂರ ಉಳಿದದ್ದು ಅಂಡರ್‌ಗ್ರೌಂಡ್. ಮೊದಲು ಪಲ್ಲವಿಗಾಗಿ ಕಾಯುವುದನ್ನು ಬಿಡಿ. ಅದು ಬರುವುದೇ ಇಲ್ಲ.

ನಿಮಿಷಕ್ಕೆ ಸುಮಾರು 130 ಸಲ ಬೀಳುವ ಆ ‘ಢಬ್’, ಅಂದರೆ ಕಿಕ್ ಡ್ರಮ್, ಬರೀ ನೆಲಗಟ್ಟು. ಎರಡು ಪೆಟ್ಟುಗಳ ನಡುವೆ ಹೈ-ಹ್ಯಾಟ್ ಎಂಬ ಜೋಡಿ ತಾಳದ ‘ತ್ಸ್’ ಯಾವಾಗ ನುಸುಳಿತು, ಮಂಕಾಗಿದ್ದ ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಧ್ವನಿ, ಅದನ್ನು ತಡೆದಿದ್ದ ಫಿಲ್ಟರ್ ತೆರೆದಂತೆ ಹೇಗೆ ಹರಿತವಾಯಿತು ಎಂದು ಗಮನಿಸಿ. ಇದ್ದಕ್ಕಿದ್ದಂತೆ ಕಿಕ್ ನಿಲ್ಲುತ್ತದೆ, ಕಾಲಡಿಯ ನೆಲ ಜಾರುತ್ತದೆ. ಅದು ಮರಳಿದಾಗ ಆಗುವ ನಿರಾಳವೇ ಇದರ ಸುಖ. ತೆಯ್ಯಕ್ಕೆ ಗಂಟೆಗಟ್ಟಲೆ ಚೆಂಡೆ ಬಾರಿಸಿದರೆ ನಮ್ಮೂರಲ್ಲಿ ಯಾರೂ ‘ಅದೇ ಪೆಟ್ಟು’ ಎಂದು ಗೊಣಗುವುದಿಲ್ಲವಲ್ಲ!

ಕತ್ತಲಿಗೆ ಕಾರಣವಿದೆ. 1980ರ ದಶಕದಲ್ಲಿ ಕಾರು ಕಾರ್ಖಾನೆಗಳು ಸೊರಗುತ್ತಿದ್ದ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಕಪ್ಪು ಯುವಕರು ಡ್ರಮ್ ಮಷಿನ್ (ತಾಳ ನುಡಿಸುವ ಯಂತ್ರ) ಹಿಡಿದು ಕಟ್ಟಿದ ಸಂಗೀತವಿದು. ಬರ್ಲಿನ್ ಗೋಡೆ ಬಿದ್ದ ಮೇಲೆ ಜರ್ಮನಿಯ ಆ ನಗರಕ್ಕೂ ಹಬ್ಬಿತು. ಅಲ್ಲಿನ ಟ್ರೆಸರ್ ಕ್ಲಬ್ 1991ರಲ್ಲಿ ಹಳೆಯ ಮಳಿಗೆಯೊಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ಶುರುವಾಯಿತು. ನನ್ನ ಕಿವಿಗೆ ಡೆಟ್ರಾಯಿಟ್‌ನದು ವಿಷಾದದೊಳಗಿನ ಹಂಬಲ, ಬರ್ಲಿನ್‌ನದು ಒರಟು ಕಬ್ಬಿಣ. ಸಿನಿಮಾಗಳು ಇದನ್ನು ಅಮಲಿನ ದೃಶ್ಯಗಳಿಗಷ್ಟೇ ಬಳಸುವುದು ಸೋಮಾರಿತನ.

ಮೊಬೈಲಿನ ಪುಟ್ಟ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ, ತಳದ ಸ್ವರಗಳೆಲ್ಲ ಮಾಯವಾಗಿ ಬರೀ ‘ಟಿಕ್ ಟಿಕ್’ ಉಳಿಯುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿ, ಡೆಟ್ರಾಯಿಟ್‌ನವರಿಂದಲೇ ಆರಂಭಿಸಿ.