ಎಐಜಿ ಮುಗ್ಗರಿಸಿದ್ದು ಎಲ್ಲಿ?

ಮರುವಿಮೆ (ವಿಮಾ ಕಂಪನಿ ತನ್ನ ಹೊರೆಯ ಒಂದು ಪಾಲನ್ನು ಇನ್ನೊಂದು ಕಂಪನಿಗೆ ದಾಟಿಸುವ ವಿಮೆ) ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕಡತ ನೋಡಿ ನಿವೃತ್ತನಾದ ನನಗೆ ಓದುಗರಿಂದ ಬರುವ ಪತ್ರಗಳಲ್ಲಿ ಮೂರಕ್ಕೊಂದು ಅಮೆರಿಕದ ಎಐಜಿ ಕಂಪನಿಯ ಕುರಿತಾಗಿಯೇ ಇರುತ್ತದೆ. ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ, ಒಂದೇ ತಪ್ಪು ತಿಳಿವಳಿಕೆಯನ್ನು ಹೊತ್ತುಕೊಂಡು ಬರುತ್ತಿರುವುದರಿಂದ ಈ ಸಲ ಅದನ್ನು ಇತ್ಯರ್ಥ ಮಾಡಿಬಿಡುತ್ತೇನೆ. ಕಂತು ಎಂದರೇನು, ಕ್ಲೇಮು ಎಂದರೇನು ಎಂಬುದರಿಂದ ಶುರು ಮಾಡುವ ತಾಳ್ಮೆ ನನಗಿಲ್ಲ.

ಪ್ರಶ್ನೆ: ತೊಂಬತ್ತು ವರ್ಷಗಳ ಇತಿಹಾಸವಿದ್ದ ಎಐಜಿಯಂಥ ದೈತ್ಯ ವಿಮಾ ಕಂಪನಿಯೇ 2008ರಲ್ಲಿ ದಿವಾಳಿಯಾಗಿ ಪಾಲಿಸಿದಾರರ ಹಣ ಮುಳುಗಿತಂತೆ. ಹಾಗಿದ್ದ ಮೇಲೆ ಖಾಸಗಿ ವಿಮೆಯನ್ನು ನಂಬುವುದು ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ಎಐಜಿ ದಿವಾಳಿಯಾಗಲಿಲ್ಲ, ಪಾಲಿಸಿದಾರರ ಹಣವೂ ಮುಳುಗಲಿಲ್ಲ. 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿದ್ದು ಲೇಮನ್ ಬ್ರದರ್ಸ್ ಎಂಬ ಹೂಡಿಕೆ ಬ್ಯಾಂಕು. ಮರುದಿನ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಸಾಲದ ಭರವಸೆ ಕೊಟ್ಟು, ಬದಲಿಗೆ ಕಂಪನಿಯ 79.9 ಶೇಕಡಾ ಒಡೆತನವನ್ನು ಸರ್ಕಾರದ ಪಾಲಿಗೆ ಪಡೆದು ಎಐಜಿಯನ್ನು ಉಳಿಸಿತು. ಈ ಎರಡು ದಿನಗಳ ಸುದ್ದಿಯನ್ನು ಕಲಸಿ ಒಂದೇ ಉಂಡೆ ಮಾಡಿದವರು ಯೂಟ್ಯೂಬಿನ ಪಂಡಿತರು.

ಕಂಪನಿ ಬೆಳೆದ ಬಗೆಯನ್ನು ತಿಳಿಯದೆ ಅದು ಬಿದ್ದ ಬಗೆ ಅರ್ಥವಾಗುವುದಿಲ್ಲ. ಈ ಅಮೆರಿಕನ್ ಕಂಪನಿ ಹುಟ್ಟಿದ್ದು ಚೀನಾದ ಶಾಂಘೈನಲ್ಲಿ. 1919ರಲ್ಲಿ ಕಾರ್ನೀಲಿಯಸ್ ವಾಂಡರ್ ಸ್ಟಾರ್ ಎಂಬ 27ರ ಹರೆಯದ ಕ್ಯಾಲಿಫೋರ್ನಿಯಾದ ಯುವಕ ಅಲ್ಲಿ ಅಮೆರಿಕನ್ ಏಷಿಯಾಟಿಕ್ ಅಂಡರ್‌ರೈಟರ್ಸ್ ಎಂಬ ಏಜೆನ್ಸಿ ತೆರೆದು, ಬೇರೆ ಕಂಪನಿಗಳ ಪರವಾಗಿ ಬೆಂಕಿ ವಿಮೆ, ಹಡಗು ವಿಮೆಗಳನ್ನು ಮಾರತೊಡಗಿದ. ಎರಡು ವರ್ಷಗಳ ಬಳಿಕ ಜೀವವಿಮೆಗೂ ಇಳಿದು ಚೀನೀಯರಿಗೇ ಪಾಲಿಸಿ ಮಾರಿದ. ಸ್ಥಳೀಯರನ್ನು ಗುಮಾಸ್ತರಾಗಿ ಮಾತ್ರವಲ್ಲದೆ ವ್ಯವಸ್ಥಾಪಕರಾಗಿಯೂ ನೇಮಿಸಿದ್ದು ಆ ಕಾಲದ ಬಿಳಿಯರ ಕಂಪನಿಗಳ ನಡುವೆ ಅವನ ಹೆಚ್ಚುಗಾರಿಕೆ. ಯುದ್ಧದ ಕಾವು ಏರುತ್ತಿದ್ದಂತೆ 1939ರಲ್ಲಿ ಕೇಂದ್ರ ಕಚೇರಿ ನ್ಯೂಯಾರ್ಕ್ ಸೇರಿತು. 1967ರಲ್ಲಿ ಅಲ್ಲಲ್ಲಿ ಹರಡಿದ್ದ ಸಂಸ್ಥೆಗಳೆಲ್ಲ ಎಐಜಿ ಎಂಬ ಒಂದೇ ಸೂರಿನಡಿ ಬಂದವು. 1968ರಲ್ಲಿ ಸ್ಟಾರ್ ತೀರಿಕೊಂಡ ಮೇಲೆ ಚುಕ್ಕಾಣಿ ಮಾರಿಸ್ ಗ್ರೀನ್‌ಬರ್ಗ್ ಕೈಗೆ ಬಂತು. ಗ್ರೀನ್‌ಬರ್ಗ್ 2005ರವರೆಗೆ ಅದನ್ನು ಬಿಡಲಿಲ್ಲ.

ನಮ್ಮ ಕಸುಬಿನವರು ಗ್ರೀನ್‌ಬರ್ಗ್ ಹೆಸರನ್ನು ಒಂದು ಕಾರಣಕ್ಕೆ ಗೌರವದಿಂದ ಹೇಳುತ್ತಿದ್ದರು. ಹೆಚ್ಚಿನ ವಿಮಾ ಕಂಪನಿಗಳು ಕಂತಿಗಿಂತ ಕ್ಲೇಮು ಹೆಚ್ಚಾದರೂ ಹೂಡಿಕೆಯ ಬಡ್ಡಿಯಿಂದ ಸರಿದೂಗಿಸಿಕೊಳ್ಳೋಣ ಎಂದುಕೊಂಡು ಕುಳಿತಿದ್ದಾಗ, ವಿಮೆ ಮಾರುವ ಕೆಲಸದಲ್ಲಿಯೇ ಲಾಭ ಬರಬೇಕು ಎಂದು ಗ್ರೀನ್‌ಬರ್ಗ್ ಹಟ ಹಿಡಿಯುತ್ತಿದ್ದರು. ಈ ಶಿಸ್ತಿನಿಂದ ಕಂಪನಿಗೆ ಟ್ರಿಪಲ್ ಎ ರೇಟಿಂಗ್, ಎಂದರೆ ಸಾಲದ ಪೇಟೆಯಲ್ಲಿ ಎಲ್ಲಕ್ಕಿಂತ ಮೇಲಿನ ನಂಬಿಕೆಯ ದರ್ಜೆ, ಬಹುಕಾಲ ಉಳಿದುಕೊಂಡಿತು. ಆ ನಂಬಿಕೆಯನ್ನೇ ಸರಕು ಮಾಡಿ ಮಾರಬಹುದು ಎಂದು ಯಾರಿಗೋ ಹೊಳೆದದ್ದು ಅನಾಹುತಕ್ಕೆ ದಾರಿಯಾಯಿತು.

1987ರಲ್ಲಿ ಗ್ರೀನ್‌ಬರ್ಗ್ ಕಾಲದಲ್ಲೇ ಎಐಜಿ ಫೈನಾನ್ಷಿಯಲ್ ಪ್ರಾಡಕ್ಟ್ಸ್ ಎಂಬ ಅಂಗಸಂಸ್ಥೆ ಹುಟ್ಟಿತು. ಕನೆಕ್ಟಿಕಟ್ ಮತ್ತು ಲಂಡನ್‌ನಲ್ಲಿ ಕುಳಿತ ಸುಮಾರು ನಾನೂರು ಜನರ ಈ ತಂಡ ವಿಮೆ ಮಾರುತ್ತಿರಲಿಲ್ಲ. 1998ರಿಂದ ಅದು ಕ್ರೆಡಿಟ್ ಡಿಫಾಲ್ಟ್ ಸ್ವಾಪ್ ಎಂಬ ಕರಾರುಗಳನ್ನು ಬರೆದುಕೊಡತೊಡಗಿತು. ನೀವು ಯಾರಿಗೋ ಸಾಲ ಕೊಟ್ಟಿದ್ದೀರಿ. ಆತ ತೀರಿಸದಿದ್ದರೆ ನಾನು ಕೊಡುತ್ತೇನೆ, ಅಲ್ಲಿಯವರೆಗೆ ವರ್ಷಕ್ಕಿಷ್ಟು ಎಂದು ನನಗೆ ಕೊಡುತ್ತಿರಿ ಎನ್ನುವ ಜಾಮೀನಿನಂಥ ಕರಾರು ಅದು. ನೋಡಿದರೆ ವಿಮೆಯಂತೆಯೇ ಇದೆಯಲ್ಲ ಎಂದು ನೀವು ಕೇಳುವುದು ಸಹಜ. ಆದರೆ ಕಾನೂನಿನ ಕಣ್ಣಿಗೆ ಅದು ವಿಮೆಯಾಗಿರಲಿಲ್ಲ. ವಿಮೆಯಲ್ಲದ ಕಾರಣ ಮೀಸಲು ನಿಧಿ ಎತ್ತಿಡಬೇಕಾಗಿರಲಿಲ್ಲ, ರಾಜ್ಯದ ವಿಮಾ ಆಯುಕ್ತರಿಗೆ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ. ಹಿಂದೆ ನಿಂತಿದ್ದದ್ದು ಎಐಜಿಯ ಹೆಸರು ಮಾತ್ರ. 2007ರ ಕೊನೆಗೆ ಹೀಗೆ ಬರೆದುಕೊಟ್ಟ ಕರಾರುಗಳ ಒಟ್ಟು ಮೊತ್ತ 50,000 ಕೋಟಿ ಡಾಲರ್ ದಾಟಿತ್ತು. ಅದರಲ್ಲಿ ವಿಷವಿದ್ದದ್ದು ಮನೆ ಸಾಲಗಳನ್ನು ಕಟ್ಟುಕಟ್ಟಾಗಿಸಿ ಮಾಡಿದ ಬಾಂಡುಗಳ ಮೇಲಿನ ಸುಮಾರು 7,800 ಕೋಟಿ ಡಾಲರಿನ ಭಾಗದಲ್ಲಿ.

ಬೆಂಕಿ ವಿಮೆಯ ಲೆಕ್ಕ ನಿಂತಿರುವುದು ಸಾವಿರ ಮನೆಗಳಲ್ಲಿ ಒಂದು ಸುಡುತ್ತದೆ, ಉಳಿದವು ಸುಡುವುದಿಲ್ಲ ಎಂಬುದರ ಮೇಲೆ. ಅದಕ್ಕಾಗಿಯೇ ಒಂದೇ ಓಣಿಯ ಎಲ್ಲ ಅಂಗಡಿಗಳಿಗೆ ಒಬ್ಬನೇ ವಿಮೆ ಬರೆಯಬಾರದು ಎಂದು ನಮಗೆ ಮೊದಲ ದಿನವೇ ಕಲಿಸುತ್ತಾರೆ. ನನ್ನ ಮೇಜಿನ ಮೇಲೆ ಪೇಟೆ ಬೀದಿಗಳ ನಕ್ಷೆಯೇ ಇರುತ್ತಿತ್ತು, ವಿಮೆ ಬರೆದ ಮಳಿಗೆಗಳಿಗೆ ಕೆಂಪು ಪೆನ್ಸಿಲಿನ ಗುರುತು, ಎರಡು ಗುರುತು ಪಕ್ಕಪಕ್ಕಕ್ಕೆ ಬಂದರೆ ಒಂದನ್ನು ಮರುವಿಮೆಗೆ ದಾಟಿಸಬೇಕು. ಮನೆ ಸಾಲದ ಬಾಂಡುಗಳದ್ದು ಇಡೀ ದೇಶವೇ ಒಂದು ಓಣಿ. ಮನೆಗಳ ಬೆಲೆ ಕುಸಿದರೆ ಎಲ್ಲ ಕಡೆಯೂ ಒಟ್ಟಿಗೇ ಕುಸಿಯುತ್ತದೆ. ಆದರೂ 2007ರ ಆಗಸ್ಟ್‌ನಲ್ಲಿ ಆ ಅಂಗಸಂಸ್ಥೆಯ ಮುಖ್ಯಸ್ಥ ಜೋಸೆಫ್ ಕಸಾನೊ, ಈ ವ್ಯವಹಾರಗಳಲ್ಲಿ ಒಂದು ಡಾಲರ್ ನಷ್ಟವಾಗುವ ಸನ್ನಿವೇಶವನ್ನೂ ಊಹಿಸುವುದು ಕಷ್ಟ ಎಂದು ಹೂಡಿಕೆದಾರರ ಮುಂದೆ ಹೇಳಿದರು. ಇಂಥ ಮಾತು ಆಡುವವರ ಹತ್ತಿರ ನಾನು ಸೈಕಲ್ಲಿಗೂ ವಿಮೆ ಮಾಡಿಸುವುದಿಲ್ಲ.

ಕೊನೆಗೆ ಎಐಜಿಯ ಕತ್ತು ಹಿಸುಕಿದ್ದು ಸಾಲಗಾರರು ಕೈ ಎತ್ತಿದ್ದಕ್ಕಿಂತ ಹೆಚ್ಚಾಗಿ ಈಡು. ಬಾಂಡಿನ ಬೆಲೆ ಇಳಿದರೆ ಅಥವಾ ಎಐಜಿಯ ರೇಟಿಂಗ್ ಇಳಿದರೆ ಜಾಮೀನಿಗೆ ತಕ್ಕ ನಗದನ್ನು ತಕ್ಷಣ ಈಡಾಗಿ ಇಡಬೇಕು ಎಂಬ ಷರತ್ತು ಆ ಕರಾರುಗಳಲ್ಲಿತ್ತು. ಟ್ರಿಪಲ್ ಎ ದರ್ಜೆ 2005ರಲ್ಲೇ, ಲೆಕ್ಕಪತ್ರದ ತನಿಖೆಯ ನಡುವೆ ಗ್ರೀನ್‌ಬರ್ಗ್ ಹೊರನಡೆದ ತಿಂಗಳಲ್ಲಿ, ಕೈಬಿಟ್ಟಿತ್ತು. 2008ರ ಸೆಪ್ಟೆಂಬರ್ 15ರ ಸಂಜೆ ಮೂರು ರೇಟಿಂಗ್ ಸಂಸ್ಥೆಗಳೂ ಮತ್ತೆ ದರ್ಜೆ ಇಳಿಸಿದ ಕೂಡಲೇ ಬ್ಯಾಂಕುಗಳು ಈಡಿಗಾಗಿ ಸಾಲುಗಟ್ಟಿ ನಿಂತವು. ಆಸ್ತಿ ಬೇಕಾದಷ್ಟಿತ್ತು, ಕೈಯಲ್ಲಿ ಕಾಸಿರಲಿಲ್ಲ.

ವಿಮಾ ವಿಭಾಗಗಳೆಲ್ಲ ಅಪ್ಪಟ ಶುದ್ಧವಾಗಿದ್ದವು ಎಂದು ಕೆಲವು ಏಜೆಂಟರು ಹೇಳುವುದೂ ಅರ್ಧಸತ್ಯವೇ. ಎಐಜಿಯ ಜೀವವಿಮಾ ಕಂಪನಿಗಳು ತಮ್ಮಲ್ಲಿದ್ದ ಒಳ್ಳೆಯ ಬಾಂಡುಗಳನ್ನು ದಲ್ಲಾಳಿಗಳಿಗೆ ಎರವಲು ಕೊಡುತ್ತಿದ್ದವು. ಬದಲಿಗೆ ಬಂದ ನಗದನ್ನು ಸುಮ್ಮನೆ ಇಡದೆ ಗುಂಪಿನ ಇನ್ನೊಂದು ಸಂಸ್ಥೆ ಅದೇ ಮನೆ ಸಾಲದ ಬಾಂಡುಗಳಲ್ಲಿ ತೊಡಗಿಸಿತ್ತು. ಎರವಲು ಪಡೆದವರು ಬಾಂಡು ಮರಳಿಸಿ ನಗದು ಕೇಳಿದಾಗ ಅಲ್ಲಿಯೂ ತೂತು ಬಿತ್ತು. ಅದನ್ನು ಮುಚ್ಚಿದ್ದು ಸರ್ಕಾರದ ಹಣ. ಪಾಲಿಸಿದಾರರ ಕ್ಲೇಮುಗಳು ಸಂದಾಯವಾದವು ಎಂಬುದು ನಿಜ. ವಿಮಾ ಕಂಪನಿಗಳ ಬಳಿಯಿದ್ದ ಆಸ್ತಿಯನ್ನು ಮೂಲ ಕಂಪನಿ ಮನಬಂದಂತೆ ಎತ್ತಿಕೊಳ್ಳಲು ರಾಜ್ಯಗಳ ಕಾನೂನು ಬಿಡದಿದ್ದದ್ದು ಅದಕ್ಕೆ ದೊಡ್ಡ ಕಾರಣ. ಆದರೆ ಸರ್ಕಾರ ಕೈ ಹಾಕದಿದ್ದರೆ ಜೀವವಿಮಾ ವಿಭಾಗಕ್ಕೆ ಏದುಸಿರು ಬರುತ್ತಿತ್ತು ಎಂಬುದನ್ನು ನಾನಂತೂ ಮುಚ್ಚಿಡುವುದಿಲ್ಲ.

ಪ್ರಶ್ನೆ: ಹಾಗಾದರೆ ಟಾಟಾ ಎಐಜಿ ಪಾಲಿಸಿಯನ್ನು ಬಿಟ್ಟುಬಿಡಬೇಕೆ? ನಮ್ಮ ಏಜೆಂಟರು ಹಾಗೆ ಹೇಳುತ್ತಾರೆ. (ಹುಬ್ಬಳ್ಳಿ)

ಉತ್ತರ: ಏಜೆಂಟರನ್ನು ಬಿಡಿ. 2001ರಲ್ಲಿ ಆರಂಭವಾದ ಆ ಸಾಮಾನ್ಯ ವಿಮಾ ಕಂಪನಿ 74 ಶೇಕಡಾ ಟಾಟಾ, 26 ಶೇಕಡಾ ಎಐಜಿ ಪಾಲಿನೊಂದಿಗೆ ಇಲ್ಲಿ ನೋಂದಾಯಿತವಾದ ಭಾರತೀಯ ಕಂಪನಿ. ಪಾಲಿಸಿದಾರರ ನಿಧಿಯನ್ನು ದೇಶದ ಹೊರಗೆ ಹೂಡುವಂತಿಲ್ಲ ಎಂದು ನಮ್ಮ ವಿಮಾ ಕಾಯ್ದೆಯಲ್ಲೇ ಇದೆ; ಸಾಲ್ವೆನ್ಸಿ ಅನುಪಾತ, ಎಂದರೆ ಹೊಣೆಗಳನ್ನು ಕಳೆದ ಮೇಲೂ ಕಂಪನಿಯ ಬಳಿ ಇರಬೇಕಾದ ಹೆಚ್ಚುವರಿ ಆಸ್ತಿಯ ಅಳತೆ, 1.5ಕ್ಕಿಂತ ಕೆಳಗಿಳಿದರೆ ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಕೇಳುತ್ತದೆ. ನೋಡುವುದಿದ್ದರೆ ಕಂಪನಿಯ ಜಾಲತಾಣದಲ್ಲಿ ಆ ಅನುಪಾತವನ್ನು ನೋಡಿ, ಅಮೆರಿಕದ ಸುದ್ದಿಯನ್ನಲ್ಲ. 2008ರ ಅಕ್ಟೋಬರಿನಲ್ಲಿ ನನ್ನ ದೊಡ್ಡಪ್ಪನ ಮಗ ಇಂಥದೇ ಮಾತು ಕೇಳಿ, ಎಐಜಿಗೆ ಯಾವ ಸಂಬಂಧವೂ ಇಲ್ಲದ ಬೇರೊಂದು ಕಂಪನಿಯ ಜೀವವಿಮೆಯನ್ನು ಸರೆಂಡರ್ ಮಾಡಿದ. ಮೂರು ವರ್ಷ ಕಟ್ಟಿದ ಕಂತಿನಲ್ಲಿ ಮೂರನೇ ಒಂದು ಭಾಗವೂ ಮರಳಿ ಬರಲಿಲ್ಲ. ಹೆದರಿಸಿದ ಏಜೆಂಟನೇ ಮರುವಾರ ಹೊಸ ಪಾಲಿಸಿಯ ಅರ್ಜಿ ಹಿಡಿದು ಮನೆಗೆ ಬಂದಿದ್ದ, ಮೊದಲ ವರ್ಷದ ಕಮಿಷನ್ನೇ ಎಲ್ಲಕ್ಕಿಂತ ದೊಡ್ಡದು ನೋಡಿ.

ಪ್ರಶ್ನೆ: ಬ್ಯಾಂಕ್ ಠೇವಣಿಗೆ ಇರುವಂತೆ ವಿಮಾ ಪಾಲಿಸಿಗೂ ಐದು ಲಕ್ಷದ ಸರ್ಕಾರಿ ರಕ್ಷಣೆ ಇದೆಯಂತಲ್ಲ?

ಉತ್ತರ: ಇಲ್ಲ. ಅದು ಬ್ಯಾಂಕ್ ಠೇವಣಿಗೆ ಮಾತ್ರ.

ಪ್ರಶ್ನೆ: ಅಮೆರಿಕದ ತೆರಿಗೆದಾರರ ಹಣವೆಲ್ಲ ಎಐಜಿಯಲ್ಲಿ ಮುಳುಗಿತು ಎಂಬುದು ನಿಜವೇ?

ಉತ್ತರ: ಒಟ್ಟು 18,200 ಕೋಟಿ ಡಾಲರಿನವರೆಗೆ ನೆರವು ಗೊತ್ತುಮಾಡಿದ್ದರು. ಏಷ್ಯಾದ ಜೀವವಿಮಾ ವಿಭಾಗ ಎಐಎಯನ್ನು 2010ರಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ತಂದು, ಅಲಿಕೊ ಎಂಬ ಇನ್ನೊಂದು ಕಂಪನಿಯನ್ನು ಮೆಟ್‌ಲೈಫ್‌ಗೆ ಮಾರಿ ಎಐಜಿ ಸಾಲ ತೀರಿಸಿತು. 2012ರ ಡಿಸೆಂಬರಿನಲ್ಲಿ ಸರ್ಕಾರ ಕೊನೆಯ ಷೇರು ಮಾರಿದಾಗ ಕೊಟ್ಟದ್ದಕ್ಕಿಂತ 2,270 ಕೋಟಿ ಡಾಲರ್ ಹೆಚ್ಚು ಬಂದಿತ್ತು. ಸ್ಟಾರ್ ಕಟ್ಟಿದ ಏಷ್ಯಾದ ಜೀವವಿಮೆ ಮಾತ್ರ ಆ ಮನೆಯಲ್ಲಿ ಉಳಿಯಲಿಲ್ಲ.

ಪ್ರಶ್ನೆ: ಎಐಜಿ ಷೇರು ಒಂದು ಕಾಲಕ್ಕೆ 1,400 ಡಾಲರ್ ಇತ್ತು ಎಂದು ನಕ್ಷೆಯಲ್ಲಿ ಕಾಣುತ್ತದೆ. ಮತ್ತೆ ಅಲ್ಲಿಗೆ ಹೋಗುವುದಾದರೆ ಈಗ ಕೊಳ್ಳಬಹುದೇ?

ಉತ್ತರ: ಷೇರಿನ ಸಲಹೆ ನಾನು ಕೊಡುವುದಿಲ್ಲ. ಆದರೆ ಆ ಷೇರನ್ನು 1,400 ಡಾಲರಿಗೆ ಯಾರೂ ಎಂದೂ ಕೊಂಡಿಲ್ಲ. ಬಿಕ್ಕಟ್ಟಿಗೆ ಮುಂಚೆ ಅದರ ಬೆಲೆ 70 ಡಾಲರ್ ಆಸುಪಾಸಿನಲ್ಲಿತ್ತು. 2009ರಲ್ಲಿ ಕಂಪನಿ 20 ಷೇರುಗಳನ್ನು ಒಂದಾಗಿಸಿದ್ದರಿಂದ ನಕ್ಷೆ ಬರೆಯುವ ಯಂತ್ರ ಹಳೆಯ ಬೆಲೆಗಳನ್ನೆಲ್ಲ 20ರಿಂದ ಗುಣಿಸಿ ತೋರಿಸುತ್ತಿದೆ. ಅಂದು 100 ಷೇರು ಇಟ್ಟುಕೊಂಡಿದ್ದವರ ಖಾತೆಯಲ್ಲಿ ಮರುದಿನ ಇದ್ದದ್ದು 5.