ಸ್ಕೀ ಊರಲ್ಲಿ ಕೆಲಸ ಸಿಗುತ್ತದೆ, ಮನೆಯದ್ದೇ ಚಿಂತೆ

ಕೆನಡಾದ ವಿಸ್ಲರ್‌ನಂಥ ಸ್ಕೀ ಊರಿಗೆ (ಹಿಮದ ಮೇಲೆ ಜಾರುವ ಆಟಕ್ಕೆ ಜನ ಬರುವ ಊರು) ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಬಹುದಾ, ಊರು ಬೆಳೆದಷ್ಟೂ ಅವಕಾಶ ಜಾಸ್ತಿ ಅಲ್ವಾ ಅಂತ ಕೇಳಿದ್ದೀರಿ. ನಾನು ವಿಸ್ಲರ್‌ನಲ್ಲೇ ಒಂದು ಹೋಟೆಲ್‌ನಲ್ಲಿ ಕೆಲಸ ಮಾಡುತ್ತೇನೆ. ಕೆಲಸಕ್ಕೇನೂ ಬರವಿಲ್ಲ. ಮಲಗಲು ಜಾಗ ಸಿಗುವುದೇ ಕಷ್ಟ.

ಚಳಿಗಾಲಕ್ಕೆ ಮೊದಲೇ ಆಸ್ಟ್ರೇಲಿಯಾ, ಬ್ರಿಟನ್ ಕಡೆಯ ಹುಡುಗ ಹುಡುಗಿಯರು ವರ್ಕಿಂಗ್ ಹಾಲಿಡೇ ವೀಸಾದಲ್ಲಿ (ಸುತ್ತಾಡುತ್ತಾ ಕೆಲಸವನ್ನೂ ಮಾಡಲು ಯುವಕರಿಗೆ ಕೊಡುವ ವೀಸಾ) ಬಂದಿಳಿಯುತ್ತಾರೆ. ಒಂದೇ ರೂಮಿಗೆ ಎರಡು ಬಂಕ್ ಮಂಚ, ಹೀಟರ್ ಮುಂದೆ ಸಾಲಾಗಿ ಒದ್ದೆ ಬೂಟು, ಬಾಗಿಲ ಹಿಂದೆ ಒರಗಿಸಿದ ಸ್ಕೀ, ಒಬ್ಬರು ಬಾರ್ ಕೆಲಸ ಮುಗಿಸಿ ಬಂದು ಮಲಗಿ ಸ್ವಲ್ಪ ಹೊತ್ತಿಗೆಲ್ಲ ಇನ್ನೊಬ್ಬರು ಜನರನ್ನು ಬೆಟ್ಟ ಹತ್ತಿಸುವ ಸ್ಕೀ ಲಿಫ್ಟ್‌ನ ಕೆಲಸಕ್ಕೆ ಏಳುತ್ತಾರೆ. ಇಪ್ಪತ್ತರ ವಯಸ್ಸಿಗೆ ಇದೆಲ್ಲ ಚೆಂದ. ಮಗು ಆದ ಮೇಲೆ ಆಗುವುದಿಲ್ಲ. ಆಗ ಜನ ಅಕ್ಕಪಕ್ಕದ ಊರುಗಳಾದ ಸ್ಕ್ವಾಮಿಶ್ ಅಥವಾ ಪೆಂಬರ್ಟನ್‌ಗೆ ಹೋಗಿ, ಕತ್ತಲಲ್ಲೇ ಎದ್ದು ಹಿಮದ ರಸ್ತೆಯಲ್ಲಿ ಕೆಲಸಕ್ಕೆ ಬರುತ್ತಾರೆ.

ವಿಸ್ಲರ್ ಪ್ಲ್ಯಾನ್ ಮಾಡಿ ಬೆಳೆಸಿದ ಊರು. 1966ರಲ್ಲಿ ಬೆಟ್ಟದ ಮೇಲೆ ಸ್ಕೀ ಶುರುವಾಯಿತು, 1975ರಲ್ಲಿ ರೆಸಾರ್ಟ್ ಮುನಿಸಿಪಾಲಿಟಿ, ಅಂದರೆ ಪ್ರವಾಸಿ ಊರಿಗೆಂದೇ ಮಾಡಿದ ಪುರಸಭೆ, ಆಯಿತು. ಇವತ್ತು ಎಲ್ಲರೂ ಫೋಟೊ ತೆಗೆಯುವ ವಿಲೇಜ್ (ಊರಿನ ನಡುಭಾಗವನ್ನು ಹಾಗೆ ಕರೆಯುತ್ತಾರೆ) ಎದ್ದಿದ್ದು ಕಸ ಸುರಿಯುತ್ತಿದ್ದ ಜಾಗದಲ್ಲಿ! 1980ರಲ್ಲಿ ಪಕ್ಕದ ಬ್ಲ್ಯಾಕ್‌ಕೋಂಬ್ ಬೆಟ್ಟವೂ ತೆರೆಯಿತು, 2010ರಲ್ಲಿ ಚಳಿಗಾಲದ ಒಲಿಂಪಿಕ್ಸ್ ಬಂತು. ಊರಿಗೆ ಹೆಸರು ಬಂದಂತೆ ವರ್ಷಕ್ಕೆ ಕೆಲವೇ ವಾರ ಬಂದು ಇರುವವರೂ ಮನೆ ಕೊಂಡರು. ರಾತ್ರಿ ನಡೆದು ಹೋಗುವಾಗ ದೀಪವಿಲ್ಲದ ದೊಡ್ಡ ಮನೆಗಳನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಯಾಕೆಂದರೆ ಊರು ನಡೆಸುವ ಎಷ್ಟೋ ಜನ ಇರಲು ಜಾಗವಿಲ್ಲದೆ ಊರನ್ನೇ ಬಿಟ್ಟಿದ್ದಾರೆ.

ಊರು ಸುಮ್ನೆ ಕೂತಿಲ್ಲ. 1997ರಲ್ಲಿ ವಿಸ್ಲರ್ ಹೌಸಿಂಗ್ ಅಥಾರಿಟಿ ಶುರುವಾಯಿತು. ಅದರ ಮನೆಗಳು ಊರಲ್ಲಿ ದುಡಿಯುವವರಿಗೇ ಮೀಸಲು, ಕೊಂಡರೂ ಮನಸ್ಸಿಗೆ ಬಂದ ಬೆಲೆಗೆ ಮಾರುವಂತಿಲ್ಲ. ಒಲಿಂಪಿಕ್ಸ್ ಆಟಗಾರರು ಉಳಿದಿದ್ದ ಚೀಕಮಸ್ ಕ್ರಾಸಿಂಗ್ ಈಗ ಸ್ಥಳೀಯರ ಬಡಾವಣೆ. ನನ್ನ ಪ್ರಕಾರ ಒಲಿಂಪಿಕ್ಸ್‌ನಿಂದ ಊರಿಗೆ ಆದ ದೊಡ್ಡ ಲಾಭ ಇದೇ. ಆದರೆ ಇಂಥ ಮನೆಗೆ ಕಾಯುವವರ ಪಟ್ಟಿ ತುಂಬಾ ಉದ್ದ.

ಇನ್ನೊಂದು ವಿಷಯ. ವಿಲೇಜ್ ಇರುವುದು ತಗ್ಗಿನಲ್ಲಿ, ಸಮುದ್ರವೂ ಹತ್ತಿರ, ಹಾಗಾಗಿ ಮೇಲೆ ಹಿಮ ಬೀಳುವಾಗ ಕೆಳಗೆ ಎಷ್ಟೋ ಸಲ ಮಳೆ. ಹಿಮ ಸರಿಯಾಗಿ ಬೀಳದ ವರ್ಷ ಶಿಫ್ಟ್ ಕಡಿಮೆ ಮಾಡುತ್ತಾರೆ, ಬಾಡಿಗೆ ಮಾತ್ರ ಕಡಿಮೆಯಾಗುವುದಿಲ್ಲ.

ಬನ್ನಿ, ಬೇಡ ಅನ್ನಲ್ಲ. ಆದರೆ ಸ್ಟಾಫ್ ಹೌಸಿಂಗ್ ಕೊಡುವ ಕೆಲಸವನ್ನೇ ಹುಡುಕಿ. ಕೆಲಸ ಬಿಟ್ಟರೆ ಎಷ್ಟು ದಿನದಲ್ಲಿ ರೂಮ್ ಖಾಲಿ ಮಾಡಬೇಕು ಅಂತ ಸಹಿ ಹಾಕುವ ಮೊದಲೇ ಕೇಳಿಕೊಳ್ಳಿ.